ವಿರಳ ಭೂಲೋಹಗಳನ್ನು ಕಸದಿಂದ ಮರಳಿ ಪಡೆಯಲು ಯಾವ ದಾರಿ? ಸೂಕ್ಷ್ಮಜೀವಿ, ಪ್ರೋಟೀನ್ ಮತ್ತು ಕೊಡಗಿನ ಆಯ್ಕೆ

ಹಳೆಯ ಕಂಪ್ಯೂಟರ್ ಗುಜರಿಗೆ ಹೋದಾಗ ಅದರ ತಾಮ್ರಕ್ಕೆ ಬೆಲೆ ಸಿಗುತ್ತದೆ, ಅಲ್ಯೂಮಿನಿಯಂಗೆ ಬೆಲೆ ಸಿಗುತ್ತದೆ, ಸರ್ಕ್ಯೂಟ್ ಬೋರ್ಡಿನ ಚಿನ್ನದ ಲೇಪನಕ್ಕೂ ಗಿರಾಕಿಗಳಿದ್ದಾರೆ. ಹಾರ್ಡ್ ಡಿಸ್ಕಿನ ಒಳಗಿರುವ ಅಯಸ್ಕಾಂತ ಮಾತ್ರ ಸಾಮಾನ್ಯವಾಗಿ ಕಬ್ಬಿಣದ ರಾಶಿಗೆ ಬೀಳುತ್ತದೆ. ಕೆಟ್ಟ ಟ್ಯೂಬ್‌ಲೈಟಿನ ಒಳಗೋಡೆಗೆ ಅಂಟಿಕೊಂಡ ಬಿಳಿ ಪುಡಿ ಒಡೆದ ಗಾಜಿನೊಂದಿಗೆ ಮಣ್ಣು ಸೇರುತ್ತದೆ. ನಿಯೋಡಿಮಿಯಂ, ಡಿಸ್ಪ್ರೋಸಿಯಂ, ಯಿಟ್ರಿಯಂ, ಯುರೋಪಿಯಂ ಮುಂತಾದ ವಿರಳ ಭೂಲೋಹಗಳು ಇರುವುದು ಇಂಥ, ಯಾರೂ ಎತ್ತಿಡದ ಭಾಗಗಳಲ್ಲಿಯೇ. ಈ ಗುಂಪಿನಲ್ಲಿ ಒಟ್ಟು 17 ಧಾತುಗಳಿವೆ. ಬಲಿಷ್ಠ ಅಯಸ್ಕಾಂತಗಳಲ್ಲಿ ತೂಕದ ಸುಮಾರು ಶೇ 30ರಷ್ಟು ಪಾಲು ಇವುಗಳದ್ದೇ. 2022ರಲ್ಲಿ ಜಗತ್ತಿನಾದ್ಯಂತ 6.2 ಕೋಟಿ ಟನ್ ಇ-ತ್ಯಾಜ್ಯ ಉಂಟಾಯಿತು, ಆದರೂ ವಿರಳ ಭೂಲೋಹಗಳ ಬೇಡಿಕೆಯಲ್ಲಿ ಇ-ತ್ಯಾಜ್ಯದ ಮರುಬಳಕೆಯಿಂದ ಪೂರೈಕೆಯಾಗುತ್ತಿರುವುದು ಶೇ 1ರಷ್ಟು ಮಾತ್ರ. 2025ರ ಏಪ್ರಿಲ್‌ನಲ್ಲಿ ಚೀನಾ ಈ ಪೈಕಿ ಏಳು ಧಾತುಗಳ ರಫ್ತಿಗೆ ಪರವಾನಗಿಯ ನಿರ್ಬಂಧ ಹೇರಿದ ಮೇಲೆ ನಮ್ಮ ದೇಶದ ವಾಹನ ತಯಾರಕರೂ ಅಯಸ್ಕಾಂತಕ್ಕಾಗಿ ಪರದಾಡಬೇಕಾಯಿತು. ಆಗಿನಿಂದ ಈ ವಿಷಯ ಪತ್ರಿಕೆಗಳಲ್ಲಿ ಕಾಣತೊಡಗಿದೆ. ಬ್ಯಾಕ್ಟೀರಿಯಾ ಬಳಸಿ, ಪ್ರೋಟೀನ್ ಬಳಸಿ ಕಸದಿಂದಲೇ ಈ ಲೋಹಗಳನ್ನು ತೆಗೆಯಬಹುದು ಎಂಬ ಸುದ್ದಿಯೂ ಜೊತೆಜೊತೆಗೆ ಬರುತ್ತಿದೆ.

ಕೊಡಗಿನ ಕಾಲೇಜುಗಳ ವಿಜ್ಞಾನ ವಿಭಾಗಗಳು, ಕಸ ವಿಲೇವಾರಿಯ ಹೊಣೆ ಹೊತ್ತ ಸ್ಥಳೀಯ ಸಂಸ್ಥೆಗಳು, ಕಾಫಿ ಬೆಳೆಗಾರರ ಸಂಘಗಳು ಮತ್ತು ಗುಜರಿ ವ್ಯವಹಾರದ ಯುವಕರು ಈ ದಾರಿಗಳಲ್ಲಿ ಯಾವುದನ್ನು ಹಿಡಿಯಬಹುದು ಎಂದು ತೂಗಿ ನೋಡುವುದು ಈ ಬರಹದ ಉದ್ದೇಶ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ ಬಿಚ್ಚಿ ವಿಂಗಡಿಸುವ ಕೆಲಸವನ್ನು ದೊಡ್ಡದಾಗಿ ಮಾಡಬೇಕು, ಸೂಕ್ಷ್ಮಜೀವಿಯಿಂದ ಕರಗಿಸುವ ಕೆಲಸವನ್ನು ಪ್ರಯೋಗಾಲಯದ ಅಳತೆಯಲ್ಲಿ ಕಲಿಯಬೇಕು, ಪ್ರೋಟೀನಿನಿಂದ ಬೇರ್ಪಡಿಸುವ ಕೆಲಸವನ್ನು ಸದ್ಯಕ್ಕೆ ಹೊರಗಿನವರಿಗೆ ಬಿಡಬೇಕು. ಹೀಗೆ ಹೇಳಲು ಕಾರಣಗಳು ತಂತ್ರಜ್ಞಾನದಲ್ಲೂ ಇವೆ, ಇಲ್ಲಿನ ಮಳೆ, ಚಳಿ ಮತ್ತು ವಿದ್ಯುತ್ತಿನಲ್ಲೂ ಇವೆ.

ಸೂಕ್ಷ್ಮಜೀವಿ ಒಳ್ಳೆಯದೋ ಪ್ರೋಟೀನ್ ಒಳ್ಳೆಯದೋ ಎಂದು ಕೇಳುವವರು ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ತಕ್ಕಡಿಯಲ್ಲಿ ಇಡುತ್ತಿದ್ದಾರೆ. ಕಸದಿಂದ ಲೋಹ ಕೈಗೆ ಬರುವ ಮುನ್ನ ಮೂರು ಹಂತಗಳು ನಡೆಯಬೇಕು: ಲೋಹವಿರುವ ಭಾಗವನ್ನು ಉಪಕರಣದಿಂದ ಬಿಡಿಸುವುದು, ಆ ಭಾಗದಲ್ಲಿರುವ ಲೋಹವನ್ನು ನೀರಿಗೆ ಕರಗಿಸುವುದು, ಕರಗಿದ ಹತ್ತಾರು ಲೋಹಗಳ ನಡುವಿನಿಂದ ಬೇಕಾದುದನ್ನು ಆರಿಸುವುದು. ಬಹುಪಾಲು ಸೂಕ್ಷ್ಮಜೀವಿ ವಿಧಾನಗಳು ಎರಡನೆಯ ಹಂತಕ್ಕೆ ಸೇರಿವೆ, ಪ್ರೋಟೀನ್ ವಿಧಾನ ಮೂರನೆಯ ಹಂತಕ್ಕೆ ಸೇರಿದೆ. ಹಾಗಾಗಿ ಹೋಲಿಕೆಯನ್ನು ಹಂತದೊಳಗೇ ಮಾಡಬೇಕು.

ಮೊದಲು ಕಸವನ್ನು ಗುರುತಿಸಬೇಕು

ಹಾರ್ಡ್ ಡಿಸ್ಕಿನ ಮೇಲುಮುಚ್ಚಳದ ತಿರುಪುಗಳು ನಕ್ಷತ್ರಾಕಾರದ ತಲೆಯವು, ಸಾಮಾನ್ಯ ಸ್ಕ್ರೂಡ್ರೈವರ್‌ಗೆ ಅವು ಬಗ್ಗುವುದಿಲ್ಲ. ಅಂಟಿಸಿದ ಚೀಟಿಯ ಕೆಳಗೂ ಒಂದು ತಿರುಪು ಅಡಗಿರುವುದುಂಟು. ಮುಚ್ಚಳ ತೆಗೆದರೆ ಕನ್ನಡಿಯಂಥ ತಟ್ಟೆಯ ಪಕ್ಕದ ಮೂಲೆಯಲ್ಲಿ, ಓದುವ ತೋಳಿನ ಬುಡದ ಮೇಲೂ ಕೆಳಗೂ, ಬಾಗಿದ ಬಿಲ್ಲೆಯಂಥ ಬೆಳ್ಳಿ ಬಣ್ಣದ ತುಂಡುಗಳು ದಪ್ಪ ಉಕ್ಕಿನ ಪಟ್ಟಿಗೆ ಅಂಟಿಕೊಂಡಿರುತ್ತವೆ. ಅವೇ ನಿಯೋಡಿಮಿಯಂ ಅಯಸ್ಕಾಂತಗಳು. ಹೊಳಪು ನಿಕಲ್ ಲೇಪನದ್ದು, ಒಳಗಿನ ಲೋಹ ಬೂದು ಬಣ್ಣದ್ದು ಮತ್ತು ಗಾಳಿಗೆ ಬೇಗ ತುಕ್ಕು ಹಿಡಿಯುವಂಥದ್ದು. ಎರಡು ತುಂಡುಗಳು ಒಂದನ್ನೊಂದು ಹಿಡಿದಾಗ ನಡುವೆ ಬೆರಳು ಸಿಕ್ಕರೆ ಚರ್ಮ ಹರಿಯುತ್ತದೆ. ಒಂದು ಡಿಸ್ಕಿನಿಂದ ಹತ್ತು ಗ್ರಾಂ ಅಯಸ್ಕಾಂತ ಸಿಗುತ್ತದೆ ಎಂದಿಟ್ಟುಕೊಂಡರೆ, ನೂರು ಡಿಸ್ಕುಗಳಿಂದ ಒಂದು ಕಿಲೋ ಅಯಸ್ಕಾಂತವೂ ಅದರೊಳಗೆ ಸುಮಾರು 300 ಗ್ರಾಂ ವಿರಳ ಭೂಲೋಹವೂ ದೊರೆಯುತ್ತದೆ. ಗಣಿಯಿಂದ ತೆಗೆದ ಅದಿರಿನಲ್ಲಿ ಇಂಥ ಗಾಢತೆ ಸಾಮಾನ್ಯವಾಗಿ ಸಿಗುವುದಿಲ್ಲ. ಕೈಯಿಂದ ಬಿಚ್ಚಿ ವಿಂಗಡಿಸುವ ಕೆಲಸವನ್ನು ನಾನು ಎಲ್ಲಕ್ಕಿಂತ ಮೇಲಿಡುವುದು ಈ ಕಾರಣಕ್ಕೆ. ಇದೇ ಡಿಸ್ಕನ್ನು ಯಂತ್ರದಲ್ಲಿ ಇಡಿಯಾಗಿ ಪುಡಿಮಾಡಿದರೆ ಅಯಸ್ಕಾಂತದ ಚೂರುಗಳು ಉಕ್ಕಿನ ಚೂರುಗಳಿಗೆ ಅಂಟಿ ಕುಲುಮೆ ಸೇರುತ್ತವೆ, ಅಲ್ಲಿ ಕಿಟ್ಟದಲ್ಲಿ ಕರಗಿ ಹೋದ ನಿಯೋಡಿಮಿಯಂ ಮರಳಿ ಬರುವುದಿಲ್ಲ.

ಅಯಸ್ಕಾಂತವೆಲ್ಲ ನಿಯೋಡಿಮಿಯಂ ಅಲ್ಲ ಎಂಬುದನ್ನು ವಿಂಗಡಿಸುವವರಿಗೆ ಚೆನ್ನಾಗಿ ತಿಳಿಸಿಕೊಡಬೇಕು. ವಿದ್ಯುತ್ ಉಳಿಸುವ ಬಿಎಲ್‌ಡಿಸಿ ಫ್ಯಾನುಗಳಲ್ಲಿ, ದೊಡ್ಡ ಧ್ವನಿವರ್ಧಕಗಳಲ್ಲಿ ಇರುವ ಕಪ್ಪು, ಮಡಕೆ ಚೂರಿನಂಥ ಅಯಸ್ಕಾಂತ ಹೆಚ್ಚಾಗಿ ಫೆರೈಟ್. ಅದರಲ್ಲಿ ಇರುವುದು ಕಬ್ಬಿಣದ ಆಕ್ಸೈಡ್. ತೋಟದ ನೀರೆತ್ತುವ ಸಾಧಾರಣ ಮೋಟಾರುಗಳು ಇಂಡಕ್ಷನ್ ಮಾದರಿಯವಾದ್ದರಿಂದ ಅವುಗಳಲ್ಲಿ ಅಯಸ್ಕಾಂತವೇ ಇರುವುದಿಲ್ಲ. ಮೊಬೈಲಿನ ಪುಟ್ಟ ಸ್ಪೀಕರ್, ಇಯರ್‌ಫೋನ್, ವಿದ್ಯುತ್ ಸ್ಕೂಟರಿನ ಚಕ್ರದೊಳಗಿನ ಮೋಟಾರು ಇವುಗಳಲ್ಲಿ ನಿಯೋಡಿಮಿಯಂ ಸಿಗುತ್ತದೆ. ಸ್ಕೂಟರಿನ ಮೋಟಾರು ಬಿಸಿಯಲ್ಲೂ ಕೆಲಸ ಮಾಡಬೇಕಾದ್ದರಿಂದ ಅದರ ಅಯಸ್ಕಾಂತದಲ್ಲಿ ಡಿಸ್ಪ್ರೋಸಿಯಂ ಕೂಡ ಸೇರಿರುವ ಸಂಭವ ಹೆಚ್ಚು. ನಿಯೋಡಿಮಿಯಂಗಿಂತ ಅದು ಬಹಳ ದುಬಾರಿ. ಮುಂದಿನ ಹತ್ತು ವರ್ಷಗಳಲ್ಲಿ ನಮ್ಮ ಊರುಗಳ ಗುಜರಿಗೆ ಬರುವ ಅತ್ಯಂತ ಬೆಲೆಬಾಳುವ ಅಯಸ್ಕಾಂತ ಸ್ಕೂಟರಿನದೇ ಆಗಿರುತ್ತದೆ ಎಂದು ನಾನು ನಂಬುತ್ತೇನೆ.

ಟ್ಯೂಬ್‌ಲೈಟ್ ಮತ್ತು ಸಿಎಫ್‌ಎಲ್ ದೀಪಗಳ ಬಿಳಿ ಪುಡಿಯಲ್ಲಿ ಯಿಟ್ರಿಯಂ, ಯುರೋಪಿಯಂ, ಟೆರ್ಬಿಯಂ, ಲ್ಯಾಂಥನಂ, ಸೀರಿಯಂ ಇವೆ, ಪಾದರಸವೂ ಇದೆ. ಈ ದೀಪಗಳನ್ನು ಊರಿನಲ್ಲಿ ಒಡೆಯಲೇಬಾರದು. ಒಡೆಯದೆ ಪೆಟ್ಟಿಗೆಯಲ್ಲಿ ಜೋಡಿಸಿ, ಪಾದರಸ ಹಿಡಿಯುವ ವ್ಯವಸ್ಥೆ ಇರುವ ನೋಂದಾಯಿತ ಘಟಕಕ್ಕೆ ಕಳುಹಿಸುವುದೊಂದೇ ದಾರಿ.

ಕರಗಿಸುವ ಹಂತ: ಖನಿಜಾಮ್ಲವೋ, ಬ್ಯಾಕ್ಟೀರಿಯಾದ ಹುಳಿಯೋ

ಉದ್ಯಮದಲ್ಲಿ ಈಗ ನಡೆಯುವುದು ಹೈಡ್ರೋಕ್ಲೋರಿಕ್, ನೈಟ್ರಿಕ್ ಅಥವಾ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸುವ ಕ್ರಮ. ಅದು ವೇಗದ್ದು, ಎಲ್ಲವನ್ನೂ ಕರಗಿಸುವಂಥದ್ದು. ಆ ಗುಣವೇ ಅದರ ದೋಷವೂ ಹೌದು. ಅಯಸ್ಕಾಂತದ ತೂಕದಲ್ಲಿ ಮೂರನೆಯ ಎರಡು ಭಾಗ ಕಬ್ಬಿಣ. ಅದಷ್ಟೂ ದ್ರಾವಣಕ್ಕೆ ಇಳಿಯುತ್ತದೆ, ಉಳಿದ ಆಮ್ಲವನ್ನು ತಟಸ್ಥಗೊಳಿಸಲು ಸುಣ್ಣ ಸುರಿಯಬೇಕಾಗುತ್ತದೆ, ಕೊನೆಗೆ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಕೆಸರು ಉಳಿಯುತ್ತದೆ. ಇಂಥ ಘಟಕಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ತ್ಯಾಜ್ಯನೀರಿನ ಸಂಸ್ಕರಣೆ, ಅಪಾಯಕಾರಿ ಕೆಸರಿನ ವಿಲೇವಾರಿ ಎಲ್ಲವೂ ಬೇಕು. ಕೊಡಗಿನಲ್ಲಿ ಬಿದ್ದ ಮಳೆಯ ಬಹುಪಾಲು ಹಾರಂಗಿಗೋ ಕಾವೇರಿಗೋ ಇಳಿದು ಮೈಸೂರು, ಬೆಂಗಳೂರುಗಳ ಕುಡಿಯುವ ನೀರಾಗುತ್ತದೆ. ಇಲ್ಲಿ ಆಮ್ಲದ ತೊಟ್ಟಿಗಳನ್ನು ಇಡುವ ಯೋಜನೆಯನ್ನು, ಅದು ಎಷ್ಟೇ ಸಣ್ಣದಾಗಿದ್ದರೂ, ನಾನು ಒಪ್ಪಲಾರೆ.

ಬ್ಯಾಕ್ಟೀರಿಯಾದ ದಾರಿಯಲ್ಲಿ ಹೆಚ್ಚು ಕೆಲಸ ನಡೆದಿರುವುದು ಗ್ಲುಕೋನೋಬ್ಯಾಕ್ಟರ್ ಆಕ್ಸಿಡಾನ್ಸ್ ಎಂಬ ಜೀವಿಯ ಮೇಲೆ. ಹಣ್ಣು, ಹೂವುಗಳಂಥ ಸಿಹಿಯಿರುವ ಕಡೆ ಸಹಜವಾಗಿ ಬದುಕುವ ಈ ಗುಂಪಿನ ಬ್ಯಾಕ್ಟೀರಿಯಾ ಗ್ಲುಕೋಸನ್ನು ಆಮ್ಲಜನಕದ ನೆರವಿನಿಂದ ಗ್ಲುಕೋನಿಕ್ ಆಮ್ಲವನ್ನಾಗಿ ಮಾರ್ಪಡಿಸುತ್ತದೆ. ಆ ಆಮ್ಲ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ: ತನ್ನ ಹುಳಿಯಿಂದ ಲೋಹವನ್ನು ಬಿಡಿಸುತ್ತದೆ, ಬಿಟ್ಟುಬಂದ ಲೋಹದ ಅಯಾನನ್ನು ಹಿಡಿದುಕೊಂಡು ದ್ರಾವಣದಲ್ಲಿ ಉಳಿಸುತ್ತದೆ. ಬ್ಯಾಕ್ಟೀರಿಯಾವನ್ನು ಕಸದ ಜೊತೆಗೇ ಬೆಳೆಸಬೇಕಾಗಿಲ್ಲ. ಬೇರೆ ಪಾತ್ರೆಯಲ್ಲಿ ಬೆಳೆಸಿ, ಜೀವಕೋಶಗಳನ್ನು ಸೋಸಿ, ಹುಳಿನೀರನ್ನಷ್ಟೇ ಕಸದ ಮೇಲೆ ಹರಿಸಬಹುದು. ತಾಮ್ರ, ನಿಕಲ್‌ಗಳ ವಿಷ ಜೀವಿಗೆ ತಟ್ಟದಂತೆ ಕಾಪಾಡಲು ಇದೇ ಸುರಕ್ಷಿತ ಕ್ರಮ. ಅಮೆರಿಕದ ಇಡಾಹೊ ರಾಷ್ಟ್ರೀಯ ಪ್ರಯೋಗಾಲಯದ ತಂಡ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಂಗಡಿಯಿಂದ ತಂದ ಗ್ಲುಕೋನಿಕ್ ಆಮ್ಲಕ್ಕಿಂತ ಬ್ಯಾಕ್ಟೀರಿಯಾ ಬೆಳೆದ ನೀರೇ ಹೆಚ್ಚು ಲೋಹವನ್ನು ಕರಗಿಸಿತು. ಅಂದರೆ ಆ ನೀರಿನಲ್ಲಿರುವ ಬೇರೆ ಪದಾರ್ಥಗಳೂ ನೆರವಾಗುತ್ತವೆ.

ಅದೇ ಪ್ರಯೋಗದ ಎರಡು ಅಂಕಿಗಳು ಆಯ್ಕೆ ಮಾಡುವವರಿಗೆ ಬಹಳ ಮುಖ್ಯ. ತೈಲ ಸಂಸ್ಕರಣಾಗಾರಗಳ ಬಳಸಿದ ವೇಗವರ್ಧಕದಿಂದ ಶೇ 49ರಷ್ಟು ವಿರಳ ಭೂಲೋಹ ಕರಗಿತು. ದೀಪದ ಪುಡಿಯಿಂದ ಕರಗಿದ್ದು ಶೇ 2 ಮಾತ್ರ. ಒಂದೇ ಬ್ಯಾಕ್ಟೀರಿಯಾ, ಒಂದೇ ಹುಳಿನೀರು, ಇಷ್ಟು ಅಂತರ ಏಕೆ? ಲೋಹ ಯಾವ ರೂಪದಲ್ಲಿ ಕುಳಿತಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ದೀಪದ ಪುಡಿಯಲ್ಲಿ ಮೂರು ಬಣ್ಣಗಳ ಹರಳುಗಳು ಬೆರೆತಿವೆ. ಕೆಂಪು ಬೆಳಕಿನದು ಯಿಟ್ರಿಯಂ ಆಕ್ಸೈಡ್; ಹಸಿರು, ನೀಲಿ ಬೆಳಕಿನವು ಫಾಸ್ಫೇಟ್ ಮತ್ತು ಅಲ್ಯುಮಿನೇಟ್‌ಗಳು, ಇವು ದುರ್ಬಲ ಆಮ್ಲಕ್ಕೆ ಜಗ್ಗುವುದಿಲ್ಲ. ಜರ್ಮನಿಯ ಡ್ರೆಸ್ಡನ್‌ನ ಹೆಲ್ಮ್‌ಹೋಲ್ಟ್ಸ್ ಸಂಶೋಧನಾ ಕೇಂದ್ರದವರು ಕೊಂಬುಚಾ ಎಂಬ ಹುಳಿಚಹಾದ ಸೂಕ್ಷ್ಮಜೀವಿ ಗುಂಪನ್ನು ಇದೇ ಪುಡಿಯ ಮೇಲೆ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದಾಗಲೂ ಮೊದಲು ಕರಗಿದ್ದು ಕೆಂಪಿನ ಹರಳೇ. ಆಕ್ಸೈಡ್ ಇದ್ದರೆ ಬ್ಯಾಕ್ಟೀರಿಯಾದ ದಾರಿ ಹಿಡಿಯಬಹುದು, ಫಾಸ್ಫೇಟ್ ಇದ್ದರೆ ಆ ಆಸೆಯನ್ನು ಬಿಡಬೇಕು. ಕಸದ ಮೂಲ ತಿಳಿದರೆ ಇಷ್ಟನ್ನು ಪ್ರಯೋಗಕ್ಕೆ ಮೊದಲೇ ನಿರ್ಧರಿಸಬಹುದು.

ಅಯಸ್ಕಾಂತಕ್ಕೆ ಈ ಮಾತನ್ನು ಅನ್ವಯಿಸುವುದು ಹೀಗೆ. ನೇರವಾಗಿ ಹುಳಿನೀರಿನಲ್ಲಿ ಹಾಕಿದರೆ ಕಬ್ಬಿಣವೂ ಜೊತೆಗೆ ಕರಗುತ್ತದೆ. ಮೊದಲು ಗಾಳಿಯಲ್ಲಿ ಹುರಿದರೆ ಕಬ್ಬಿಣ ಬಹುಮಟ್ಟಿಗೆ ಕರಗದ ಕೆಂಪು ಆಕ್ಸೈಡ್ ಆಗಿ ಉಳಿದು, ನಿಯೋಡಿಮಿಯಂ ಹೆಚ್ಚು ಆಯ್ದು ಬರುವ ಅವಕಾಶ ಇದೆ. ಸುಮಾರು 310 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಯಸ್ಕಾಂತ ತನ್ನ ಸೆಳೆತವನ್ನು ಕಳೆದುಕೊಳ್ಳುವುದರಿಂದ ಪುಡಿಮಾಡುವುದೂ ಸುಲಭವಾಗುತ್ತದೆ. ಹುರಿಯದ ಅಯಸ್ಕಾಂತದ ನಯವಾದ ಪುಡಿ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಒಣಗಿದ ಸ್ಥಿತಿಯಲ್ಲಿ ಅದನ್ನು ಅರೆಯುವ ಕೆಲಸಕ್ಕೆ ಅನುಭವವಿಲ್ಲದವರು ಕೈ ಹಾಕಬಾರದು.

ಸೂಕ್ಷ್ಮಜೀವಿಯ ಗುಣವನ್ನು ಹೆಚ್ಚಿಸುವ ಯತ್ನಗಳೂ ನಡೆದಿವೆ. ಕಾರ್ನೆಲ್ ವಿಶ್ವವಿದ್ಯಾಲಯದ ಬಝ್ ಬಾರ್‌ಸ್ಟೋ ಅವರ ತಂಡ 2021ರಲ್ಲಿ ಗ್ಲುಕೋನೋಬ್ಯಾಕ್ಟರಿನ ಜೀನ್‌ಗಳನ್ನು ಒಂದೊಂದಾಗಿ ಕೆಡಿಸಿ ನೋಡಿ, ಫಾಸ್ಫೇಟ್ ಸಾಗಿಸುವ ಜೀನ್‌ಗಳನ್ನು ನಿಲ್ಲಿಸಿದಾಗ ಕರಗಿಸುವ ಶಕ್ತಿ ಶೇ 18ರವರೆಗೆ ಹೆಚ್ಚುವುದನ್ನು ತೋರಿಸಿತು. ಅದು ಉಪಯುಕ್ತ ಫಲಿತಾಂಶವೇ. ಆದರೆ ಕುಲಾಂತರಿ ಜೀವಿಯನ್ನು ನಮ್ಮ ದೇಶದಲ್ಲಿ ಬೆಳೆಸಲು 1989ರ ನಿಯಮಗಳ ಪ್ರಕಾರ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಮೇಲ್ವಿಚಾರಣೆ ಬೇಕು. ತಲಕಾವೇರಿ, ಪುಷ್ಪಗಿರಿ, ಬ್ರಹ್ಮಗಿರಿ ಅಭಯಾರಣ್ಯಗಳು ಹರಡಿರುವ ಜಿಲ್ಲೆಯಲ್ಲಿ ಅಂಥ ಜೀವಿಯನ್ನು ತೆರೆದ ತೊಟ್ಟಿಯಲ್ಲಿ ಬೆಳೆಸುವ ವಿಚಾರವೇ ಬೇಡ. ಸಹಜ ತಳಿಯೇ ನಮಗೆ ಸಾಕು.

ಆರಿಸುವ ಹಂತ: ಇಲ್ಲಿ ಪ್ರೋಟೀನಿಗೆ ಸಾಟಿಯಿಲ್ಲ

ಕರಗಿದ ಲೋಹಗಳನ್ನು ಬೇರ್ಪಡಿಸುವುದು ಇಡೀ ಉದ್ಯಮದ ಅತಿ ಕಠಿಣ ಭಾಗ. ವಿರಳ ಭೂಲೋಹಗಳ ರಾಸಾಯನಿಕ ನಡತೆ ಒಂದೇ ತೆರನಾದದ್ದು. ಅಯಾನುಗಳ ಗಾತ್ರದಲ್ಲಿ ಮಾತ್ರ ಕೂದಲೆಳೆಯ ವ್ಯತ್ಯಾಸ. ನಿಯೋಡಿಮಿಯಂಗೂ ಡಿಸ್ಪ್ರೋಸಿಯಂಗೂ ಇರುವ ಅಂತರ ಶೇ 7ರಷ್ಟು. ಪಕ್ಕಪಕ್ಕದ ಧಾತುಗಳ ನಡುವೆ ಶೇ 1ರ ಆಸುಪಾಸು. ಕಾಫಿ ಬೀಜವನ್ನು ಗಾತ್ರಕ್ಕೆ ತಕ್ಕ ಜರಡಿಯಿಂದ ದರ್ಜೆಗಳಾಗಿ ವಿಂಗಡಿಸುವಂತೆಯೇ ಇದೂ ಗಾತ್ರದ ವಿಂಗಡಣೆ, ಜರಡಿಯ ಕಣ್ಣುಗಳು ಮಾತ್ರ ಹೆಚ್ಚುಕಡಿಮೆ ಒಂದೇ ಅಳತೆಯವು. ಹಾಗಾಗಿ ಸೀಮೆಎಣ್ಣೆಯಂಥ ದ್ರಾವಕದಲ್ಲಿ ರಾಸಾಯನಿಕ ಬೆರೆಸಿ, ಹತ್ತಾರು, ಕೆಲವೊಮ್ಮೆ ನೂರಾರು ತೊಟ್ಟಿಗಳ ಸಾಲಿನಲ್ಲಿ ಕಲಕಿ ಬೇರ್ಪಡಿಸುತ್ತಾರೆ. ದೊಡ್ಡ ಬಂಡವಾಳದ, ನಿರಂತರ ಪೂರೈಕೆಯ ಕಾರ್ಖಾನೆಗೆ ಮಾತ್ರ ಇದು ಹೊಂದುತ್ತದೆ.

ಪ್ರೋಟೀನಿನ ಕಥೆ ಶುರುವಾಗುವುದು ಎಲೆಗಳ ಮೇಲೆ. ಗಿಡದ ಎಲೆಗಳು ಹೊರಬಿಡುವ ಮೆಥನಾಲನ್ನು ಉಂಡು ಬದುಕುವ ನಸುಗೆಂಪು ಬಣ್ಣದ ಬ್ಯಾಕ್ಟೀರಿಯಾಗಳಿವೆ. ಬರ ತಾಳಲು ಬೆಳೆಗೆ ಸಿಂಪಡಿಸುವ ಪಿಪಿಎಫ್‌ಎಂ ಎಂಬ ಜೈವಿಕ ದ್ರಾವಣದಲ್ಲಿರುವುದು ಇದೇ ಕುಲದ ಜೀವಿ. ಇವುಗಳಲ್ಲಿ ಮೆಥನಾಲನ್ನು ಜೀರ್ಣಿಸುವ ಒಂದು ಕಿಣ್ವಕ್ಕೆ ಲ್ಯಾಂಥನಂನಂಥ ಲೋಹವೇ ಬೇಕು. ಜೀವಕ್ಕೆ ಈ ಲೋಹಗಳಿಂದ ಯಾವ ಉಪಯೋಗವೂ ಇಲ್ಲ ಎಂದು ಬಹುಕಾಲ ತಿಳಿಯಲಾಗಿತ್ತು. ಇಟಲಿಯ ನೇಪಲ್ಸ್ ಬಳಿಯ ಜ್ವಾಲಾಮುಖಿಯ ಬಿಸಿ ಕೆಸರಿನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾ ಇವಿಲ್ಲದೆ ಬೆಳೆಯುವುದೇ ಇಲ್ಲ ಎಂದು 2014ರಲ್ಲಿ ಪ್ರಕಟವಾದ ಮೇಲೆ ಆ ತಿಳಿವಳಿಕೆ ಸಂಪೂರ್ಣವಾಗಿ ಬದಲಾಯಿತು. 2018ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಜೋಸೆಫ್ ಕೊಟ್ರುವೊ ಅವರ ತಂಡ ಎಲೆಯ ಮೇಲಿನ ಮಿಥೈಲೋಬ್ಯಾಕ್ಟೀರಿಯಂ ಎಕ್ಸ್‌ಟಾರ್ಕ್ವೆನ್ಸ್ ಎಂಬ ಜೀವಿಯಿಂದ ಲ್ಯಾನ್‌ಮಾಡ್ಯುಲಿನ್ ಎಂಬ ಪುಟ್ಟ ಪ್ರೋಟೀನನ್ನು ಗುರುತಿಸಿತು. ನಮ್ಮ ದೇಹದಲ್ಲಿ ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನುಗಳ ರಚನೆಯನ್ನೇ ಇದು ಹೋಲುತ್ತದೆ, ಆದರೆ ಕ್ಯಾಲ್ಸಿಯಂಗಿಂತ ಸುಮಾರು ಹತ್ತು ಕೋಟಿ ಪಟ್ಟು ಹೆಚ್ಚು ಒಲವನ್ನು ವಿರಳ ಭೂಲೋಹಗಳಿಗೆ ತೋರುತ್ತದೆ. ಮುಂದೆ ನಡೆದ ಪರೀಕ್ಷೆಗಳಲ್ಲಿ ಅದು ಸಾಕಷ್ಟು ಹುಳಿಯಾದ ದ್ರಾವಣದಲ್ಲೂ, ಪಿಎಚ್ 2.5ರ ಹತ್ತಿರದವರೆಗೂ, ಹಿಡಿದ ಲೋಹವನ್ನು ಬಿಡಲಿಲ್ಲ. ಪಿಪಿಎಫ್‌ಎಂ ಬಾಟಲಿಯನ್ನು ತಂದು ಇ-ತ್ಯಾಜ್ಯದ ಮೇಲೆ ಸುರಿದರೆ ಇದ್ಯಾವುದೂ ಆಗುವುದಿಲ್ಲ. ಬೇರ್ಪಡಿಸುವ ಕೆಲಸ ಮಾಡುವುದು ಜೀವಿಯಿಂದ ಹೊರತೆಗೆದು ಶುದ್ಧಗೊಳಿಸಿದ ಪ್ರೋಟೀನ್.

ಅದನ್ನು ಬಳಸುವ ಕ್ರಮ ಸರಳ. ಪ್ರೋಟೀನನ್ನು ಅಗರೋಸ್ ಎಂಬ ಜೆಲ್ಲಿಯ ಸಣ್ಣ ಮಣಿಗಳಿಗೆ ಕಟ್ಟಿ, ಮಣಿಗಳನ್ನು ಕೊಳವೆಯಲ್ಲಿ ತುಂಬಿ, ಮೇಲಿನಿಂದ ದ್ರಾವಣ ಹರಿಸುತ್ತಾರೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂಗಳು ಹಾದುಹೋಗುತ್ತವೆ, ವಿರಳ ಭೂಲೋಹಗಳು ನಿಲ್ಲುತ್ತವೆ. ಆಮೇಲೆ ಇನ್ನಷ್ಟು ಹುಳಿಯಾದ ನೀರು ಹರಿಸಿದರೆ ಹಿಡಿದ ಲೋಹ ಬಿಟ್ಟುಬರುತ್ತದೆ, ಮಣಿಗಳು ಮತ್ತೆ ಬಳಕೆಗೆ ಸಿದ್ಧವಾಗುತ್ತವೆ. ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯ ಮತ್ತು ಪೆನ್ ಸ್ಟೇಟ್ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೇವಲ ಶೇ 0.043ರಷ್ಟು ವಿರಳ ಭೂಲೋಹವಿದ್ದ ಕಳಪೆ ದ್ರಾವಣವೊಂದು ಒಂದೇ ಕೊಳವೆಯ ಒಂದೇ ಓಟದಲ್ಲಿ ಶೇ 88ರ ಶುದ್ಧತೆಗೆ ಏರಿತು, ಭಾರದ ಧಾತುಗಳೂ ಹಗುರದವೂ ಬೇರೆಯಾಗಿ ಬಂದವು. ಈ ಅಂಕಿಗಳು ಪರಮಾಣುಗಳ ಎಣಿಕೆಯ ಲೆಕ್ಕದವು, ತೂಕದವಲ್ಲ. 2023ರಲ್ಲಿ ಇನ್ನೊಂದು ಹೆಜ್ಜೆ: ಓಕ್ ಮರದ ಮೊಗ್ಗಿನಿಂದ ದೊರೆತ ಹ್ಯಾನ್ಸ್‌ಶ್ಲೆಗೇಲಿಯಾ ಎಂಬ ಬ್ಯಾಕ್ಟೀರಿಯಾದ ಲ್ಯಾನ್‌ಮಾಡ್ಯುಲಿನ್ ನಿಯೋಡಿಮಿಯಂನಂಥ ಹಗುರ ಲೋಹ ಸಿಕ್ಕಾಗ ಜೋಡಿಯಾಗಿ ಬಿಗಿಯುತ್ತದೆ, ಡಿಸ್ಪ್ರೋಸಿಯಂನಂಥ ಭಾರದ ಲೋಹ ಸಿಕ್ಕಾಗ ಆ ಬಿಗಿತ ಸಡಿಲವಾಗುತ್ತದೆ. ಈ ಗುಣವನ್ನು ಬಳಸಿ ನಿಯೋಡಿಮಿಯಂ ಮತ್ತು ಡಿಸ್ಪ್ರೋಸಿಯಂಗಳನ್ನು ಒಂದೇ ಹಂತದಲ್ಲಿ ಶೇ 98ಕ್ಕೂ ಮಿಗಿಲಾದ ಶುದ್ಧತೆಯಲ್ಲಿ ಬೇರ್ಪಡಿಸಿದರು. ತೊಟ್ಟಿಗಳ ಸಾಲುಸಾಲಿನ ಕೆಲಸವನ್ನು ಸಾವಯವ ದ್ರಾವಕವೇ ಇಲ್ಲದೆ ಒಂದು ಕೊಳವೆ ಮಾಡಿತು ಎಂಬುದು, ಈ ವಿಷಯವನ್ನು ಹತ್ತಿರದಿಂದ ನೋಡುವ ನನಗೆ ಈಗಲೂ ಬೆರಗಿನ ಸಂಗತಿ.

ಸೂಕ್ಷ್ಮಜೀವಿ ಮತ್ತು ಪ್ರೋಟೀನ್ ದಾರಿಗಳ ನಡುವೆ ಮೂರನೆಯ ದಾರಿಯೊಂದಿದೆ. ಪ್ರೋಟೀನನ್ನು ಶುದ್ಧಗೊಳಿಸುವ ಖರ್ಚನ್ನು ತಪ್ಪಿಸಿ, ಇಡೀ ಬ್ಯಾಕ್ಟೀರಿಯಾವನ್ನೇ ಹೀರುವ ಮಣಿಯಾಗಿ ಬಳಸುವುದು. ಇ. ಕೊಲೈ ಬ್ಯಾಕ್ಟೀರಿಯಾದ ಮೈಮೇಲೆ ಲೋಹ ಹಿಡಿಯುವ ಪುಟ್ಟ ಪೆಪ್ಟೈಡುಗಳು, ಅಂದರೆ ಪ್ರೋಟೀನಿನ ತುಣುಕುಗಳಂಥವು, ಮೂಡುವಂತೆ ಮಾಡಿ ಇದನ್ನು ಸಾಧಿಸಿದ್ದಾರೆ. ಅಗ್ಗ, ಆದರೆ ಆಯ್ಕೆಯ ನಿಖರತೆ ಕಡಿಮೆ, ಮೇಲಾಗಿ ಕುಲಾಂತರಿ ಜೀವಿಯ ನಿಯಮಗಳು ಇಲ್ಲಿಯೂ ಅನ್ವಯಿಸುತ್ತವೆ. ಕೊಡಗಿನ ಮಟ್ಟಿಗೆ ಇದನ್ನು ಪಟ್ಟಿಯಿಂದ ತೆಗೆದುಬಿಡಬಹುದು.

ಪ್ರೋಟೀನಿನ ನಿಜವಾದ ಲಾಭ ಕಾಣುವುದು ಲೋಹ ಅತಿ ತೆಳುವಾಗಿ, ಬೇರೆ ಕೊಳೆ ಅತಿ ದಟ್ಟವಾಗಿ ಇರುವಲ್ಲಿ. ರಾಯಚೂರಿನ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ, ಬೆಳಗಾವಿಯ ಅಲ್ಯುಮಿನಾ ಘಟಕದ ಕೆಂಪು ಕೆಸರು ಮುಂತಾದವು ಅದಕ್ಕೆ ತಕ್ಕ ಕಚ್ಚಾವಸ್ತು. ನಮ್ಮಲ್ಲಿ ಇರುವುದು ಶೇ 30ರಷ್ಟು ಲೋಹ ತುಂಬಿದ ಅಯಸ್ಕಾಂತ. ಅಂಥ ಗಾಢ ವಸ್ತುವನ್ನು ಕರಗಿಸಿದ ಮೇಲೆ ಆಕ್ಸಾಲಿಕ್ ಆಮ್ಲ ಬೆರೆಸಿದರೆ ಸಾಕು, ವಿರಳ ಭೂಲೋಹಗಳೆಲ್ಲ ಒಟ್ಟಾಗಿ ಪುಡಿಯಾಗಿ ತಳಕ್ಕೆ ಇಳಿಯುತ್ತವೆ, ಕಬ್ಬಿಣ ಬಹುಪಾಲು ಮೇಲೆಯೇ ಉಳಿಯುತ್ತದೆ. ನಿಯೋಡಿಮಿಯಂ ಹೆಚ್ಚಿದ್ದರೆ ಆ ಪುಡಿಯಲ್ಲಿ ತಿಳಿಯಾದ ನೇರಳೆ ಛಾಯೆ ಕಾಣುತ್ತದೆ. ಕಾಯಿಸಿದರೆ ಆಕ್ಸೈಡ್ ದೊರೆಯುತ್ತದೆ. ಇದಕ್ಕೆ ದುಬಾರಿ ಪ್ರೋಟೀನ್ ಬೇಡ. ನಿಯೋಡಿಮಿಯಂನಿಂದ ಡಿಸ್ಪ್ರೋಸಿಯಂ ಬೇರ್ಪಡಿಸಲು ಮಾತ್ರ ಪ್ರೋಟೀನ್ ಬೇಕಾಗುತ್ತದೆ, ಆ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯುವ ಕಡೆಯೇ ನಡೆಯಲಿ.

ಅಯಸ್ಕಾಂತ ಹಾಳಾಗದೆ, ಒಂದೇ ಬಗೆಯದಾಗಿ ಸಿಕ್ಕರೆ ಕರಗಿಸುವ ಅಗತ್ಯವೂ ಇಲ್ಲ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕ್ರಮದಲ್ಲಿ ಜಲಜನಕ ಅನಿಲ ಹಾಯಿಸಿ ಅಯಸ್ಕಾಂತವನ್ನು ಪುಡಿಯಾಗಿಸಿ, ಅದೇ ಪುಡಿಯಿಂದ ಹೊಸ ಅಯಸ್ಕಾಂತ ಒತ್ತುತ್ತಾರೆ. ಬಗೆಬಗೆಯ ಅಯಸ್ಕಾಂತಗಳನ್ನು ಬೆರೆಸದೆ ಇಟ್ಟವರಿಗೆ ಈ ಬಾಗಿಲು ತೆರೆದಿರುತ್ತದೆ, ಬೆರೆಸಿದವರಿಗೆ ಮುಚ್ಚುತ್ತದೆ.

ಕೊಡಗಿನ ಲೆಕ್ಕ

ಗ್ಲುಕೋನೋಬ್ಯಾಕ್ಟರ್ ಚೆನ್ನಾಗಿ ಬೆಳೆಯುವುದು 25ರಿಂದ 30 ಡಿಗ್ರಿಯಲ್ಲಿ. ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಮಳೆಗಾಲದಲ್ಲೂ ಡಿಸೆಂಬರ್-ಜನವರಿಯ ರಾತ್ರಿಗಳಲ್ಲೂ ಪಾತ್ರೆಯನ್ನು ಬೆಚ್ಚಗಿಡಲು ವಿದ್ಯುತ್ ಬೇಕಾಗುತ್ತದೆ. ಕುಶಾಲನಗರದ ಬಯಲಿನಲ್ಲಿ ಆ ಖರ್ಚು ಬಹಳ ಕಡಿಮೆ. ಈ ಜೀವಿಗೆ ಆಮ್ಲಜನಕವೂ ಎಡೆಬಿಡದೆ ಬೇಕು. ಗಾಳಿಯ ಪಂಪು ನಿಂತರೆ ಆಮ್ಲದ ಉತ್ಪಾದನೆ ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ತಂತಿ ಹರಿದು ದಿನಗಟ್ಟಲೆ ವಿದ್ಯುತ್ ಇಲ್ಲದಿರುವುದನ್ನು ಬಲ್ಲವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. 2018ರ ಆಗಸ್ಟ್‌ನ ಭೂಕುಸಿತವನ್ನು ಕಂಡ ಮೇಲೆ ಇಳಿಜಾರಿನಲ್ಲಿ ರಾಸಾಯನಿಕ ದ್ರಾವಣಗಳನ್ನು ಮಳೆಗಾಲದುದ್ದಕ್ಕೂ ಶೇಖರಿಸಿಡುವ ಧೈರ್ಯ ಯಾರಿಗೂ ಬರಬಾರದು.

ಇನ್ನು ಖರ್ಚಿನ ಮಾತು. ಇಡಾಹೊ ತಂಡದ ಆರ್ಥಿಕ ವಿಶ್ಲೇಷಣೆಯಲ್ಲಿ ಬ್ಯಾಕ್ಟೀರಿಯಾ ವಿಧಾನದ ಒಟ್ಟು ವೆಚ್ಚದ ಶೇ 44ರಷ್ಟು ಪಾಲು ಗ್ಲುಕೋಸಿನದ್ದೇ ಆಗಿತ್ತು. ಆದ್ದರಿಂದಲೇ ಅವರು ಜೋಳದ ದಂಟು, ಆಲೂಗಡ್ಡೆ ಸಂಸ್ಕರಣೆಯ ನೀರು ಮುಂತಾದ ಕೃಷಿ ಉಳಿಕೆಗಳನ್ನು ಪರೀಕ್ಷಿಸಿದರು. ಇಲ್ಲಿ ಕೊಡಗಿಗೆ ಒಂದು ವಿಶೇಷ ಅನುಕೂಲ ಇದೆ. ಅರೇಬಿಕಾ ಕಾಫಿಯ ಹಣ್ಣನ್ನು ಪಲ್ಪಿಂಗ್ ಮಾಡುವ, ಅಂದರೆ ಸಿಪ್ಪೆ ಸುಲಿಯುವ ಕಾಲದಲ್ಲಿ ಸಿಹಿಯಾದ ಸಿಪ್ಪೆಯೂ ಲೋಳೆಯೂ ರಾಶಿಗಟ್ಟಲೆ ಉಳಿಯುತ್ತವೆ. ಪಲ್ಪಿಂಗ್ ನೀರು ಹುಳಿತು ಹಳ್ಳ ಸೇರಿದರೆ ನೀರಿನ ಆಮ್ಲಜನಕ ಬತ್ತಿ ಮೀನು ಸಾಯುವುದು ಹಳೆಯ ಸಮಸ್ಯೆ. ಆ ಸಕ್ಕರೆಯನ್ನು ಗ್ಲುಕೋನೋಬ್ಯಾಕ್ಟರಿಗೆ ಉಣಿಸಬಹುದೇ ಎಂಬುದು ಇಲ್ಲಿನ ಕಾಲೇಜುಗಳು ಕೈಗೆತ್ತಿಕೊಳ್ಳಲು ಯೋಗ್ಯವಾದ ಪ್ರಶ್ನೆ ಎಂದು ನಾನು ಮನಸಾರೆ ಹೇಳುತ್ತೇನೆ. ಎಚ್ಚರಿಕೆಗಳೂ ಇವೆ: ಹಣ್ಣಿನ ಸಕ್ಕರೆಯಲ್ಲಿ ಗ್ಲುಕೋಸಿನ ಭಾಗ ಮಾತ್ರ ಗ್ಲುಕೋನಿಕ್ ಆಮ್ಲವಾಗುತ್ತದೆ, ಫ್ರಕ್ಟೋಸ್ ಆಗುವುದಿಲ್ಲ. ಸಿಪ್ಪೆಯಲ್ಲಿ ಕೆಫೀನ್, ಟ್ಯಾನಿನ್‌ಗಳಿವೆ, ಅವು ಜೀವಿಯ ಬೆಳವಣಿಗೆಯನ್ನು ತಡೆಯುತ್ತವೆಯೇ ಎಂದು ಮೊದಲು ಸಣ್ಣ ಫ್ಲಾಸ್ಕಿನಲ್ಲಿ ನೋಡಬೇಕು. ಕಣಕ್ಕೆ ತಂದ ಹಣ್ಣು ಒಂದೆರಡು ದಿನಗಳಲ್ಲೇ ಬೇರೆ ಜೀವಿಗಳಿಂದ ಹುಳಿಯುವುದರಿಂದ ತಾಜಾ ಲೋಳೆಯನ್ನೇ ಕುದಿಸಿ ಬಳಸಬೇಕು. ಲೋಹ ಕರಗಿಸಿದ ಮೇಲೆ ಉಳಿದ ನೀರನ್ನು ಯಾವ ಕಾರಣಕ್ಕೂ ಕಾಂಪೋಸ್ಟ್ ಗುಂಡಿಗೋ ತೋಟಕ್ಕೋ ಬಿಡಬಾರದು, ಅದರಲ್ಲಿ ನಿಕಲ್, ಕೋಬಾಲ್ಟ್, ತಾಮ್ರ ಇರುತ್ತವೆ. ಸಾವಯವ ಆಮ್ಲದಿಂದ ಮಾಡಿದ್ದು ಎಂಬ ಕಾರಣಕ್ಕೆ ಅದು ನಿರುಪದ್ರವಿ ಆಗುವುದಿಲ್ಲ.

ಯಾರು ಏನನ್ನು ಹಿಡಿಯಬೇಕು

ಪಟ್ಟಣ ಪಂಚಾಯಿತಿ, ನಗರಸಭೆ ಮತ್ತು ಸ್ವಸಹಾಯ ಸಂಘಗಳಿಗೆ ಸಂಗ್ರಹ ಮತ್ತು ವಿಂಗಡಣೆಯೇ ಸರಿ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಮರುಬಳಕೆ ಘಟಕಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಬಿಚ್ಚುವ ಕೆಲಸ ಆರಂಭಿಸುವ ಮುನ್ನ ಅಂಥದೊಂದು ಘಟಕದೊಂದಿಗೆ ಲಿಖಿತ ಒಪ್ಪಂದ ಮಾಡಿಕೊಂಡು, ಅದರ ಪರವಾಗಿ ಕೆಲಸ ನಡೆಸುವುದು ಕ್ಷೇಮ. ಮರುಬಳಕೆಯ ಹೊಣೆ ಪೂರೈಸಿದ್ದನ್ನು ತೋರಿಸಲು ತಯಾರಕರು ಕೊಳ್ಳುವ ಪ್ರಮಾಣಪತ್ರಗಳನ್ನು ಈ ವ್ಯವಸ್ಥೆ ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಎಂಬ ನಾಲ್ಕು ಲೋಹಗಳ ಲೆಕ್ಕದಲ್ಲಿ ಆರಂಭಿಸಿತು. ನಿಯೋಡಿಮಿಯಂಗೆ ಅದರಲ್ಲಿ ಸ್ಥಾನವಿರಲಿಲ್ಲ, ಅಯಸ್ಕಾಂತ ಇಂದಿಗೂ ಕಬ್ಬಿಣದ ರಾಶಿಗೆ ಬೀಳಲು ಇದೂ ಒಂದು ಕಾರಣ. ಆದ್ದರಿಂದ ಒಪ್ಪಂದದಲ್ಲಿ ಅಯಸ್ಕಾಂತಕ್ಕೆ ಪ್ರತ್ಯೇಕ ದರ ಬರೆಸಿಕೊಳ್ಳಬೇಕು. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ನಿರ್ಣಾಯಕ ಖನಿಜಗಳ ಮರುಬಳಕೆಗೆ 1,500 ಕೋಟಿ ರೂಪಾಯಿಗಳ ಪ್ರೋತ್ಸಾಹ ಯೋಜನೆಗೆ ಒಪ್ಪಿಗೆ ನೀಡಿರುವುದರಿಂದ ಹಾಗೆ ಕೇಳುವ ಬಲ ಈಗ ಹೆಚ್ಚಿದೆ.

ಕಾಲೇಜು ಮತ್ತು ಸಂಶೋಧನಾ ಕೇಂದ್ರಗಳಿಗೆ ಬ್ಯಾಕ್ಟೀರಿಯಾದ ದಾರಿ ತಕ್ಕುದು, ಆದರೆ ಲೀಟರಿನ ಅಳತೆಯಲ್ಲಿ, ಮುಚ್ಚಿದ ಪಾತ್ರೆಯಲ್ಲಿ, ಸಹಜ ತಳಿಯಿಂದ, ಪಲ್ಪಿಂಗ್ ಕಾಲದಲ್ಲಿ. ಪ್ರಯೋಗಕ್ಕೆ ಹುರಿದ ಅಯಸ್ಕಾಂತದ ಪುಡಿಯನ್ನು ಆರಿಸಿಕೊಳ್ಳಬೇಕು, ದೀಪದ ಪುಡಿಯನ್ನಲ್ಲ. ಜೊತೆಗೆ ಎರಡು ಹೋಲಿಕೆಯ ಪಾತ್ರೆಗಳು ಇರಲೇಬೇಕು: ಒಂದರಲ್ಲಿ ಅಂಗಡಿಯ ಗ್ಲುಕೋನಿಕ್ ಆಮ್ಲ, ಇನ್ನೊಂದರಲ್ಲಿ ಬ್ಯಾಕ್ಟೀರಿಯಾ ಹಾಕದ ಪಲ್ಪಿಂಗ್ ನೀರು. ಇವಿಲ್ಲದಿದ್ದರೆ ಲೋಹ ಕರಗಿದ್ದು ಬ್ಯಾಕ್ಟೀರಿಯಾದಿಂದಲೋ, ಬರಿಯ ಹುಳಿಯಿಂದಲೋ ಹೇಳಲಾಗದು. ಕರಗಿದ್ದೆಷ್ಟು ಎಂಬುದನ್ನು ಬಣ್ಣ ನೋಡಿ ಊಹಿಸದೆ, ದ್ರಾವಣದಲ್ಲಿನ ಒಂದೊಂದು ಲೋಹದ ಪ್ರಮಾಣ ತಿಳಿಸುವ ಐಸಿಪಿ ಉಪಕರಣವಿರುವ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸಿ ಅಳೆಯಿಸಬೇಕು, ಕಬ್ಬಿಣದ ಅಂಕಿಯನ್ನೂ ಕೇಳಿ ಪಡೆಯಬೇಕು. ನಿಯೋಡಿಮಿಯಂ ಹೆಚ್ಚು ಬಂದು ಕಬ್ಬಿಣ ಕಡಿಮೆ ಬಂದರೆ ಮಾತ್ರ ಮುಂದಿನ ಹೆಜ್ಜೆಗೆ ಅರ್ಥವಿದೆ.

ಪ್ರೋಟೀನ್ ಕೊಳವೆಯನ್ನು ಮಾರಲು ಯಾರಾದರೂ ಮುಂದೆ ಬಂದರೆ ಕೊಳ್ಳುವವರು ಕೇಳಬೇಕಾದುದು ಶುದ್ಧತೆಯ ಶೇಕಡಾವಾರನ್ನಲ್ಲ. ಒಂದು ಲೀಟರ್ ಮಣಿಗಳು ಎಷ್ಟು ಗ್ರಾಂ ಲೋಹ ಹಿಡಿಯುತ್ತವೆ, ಎಷ್ಟು ಬಾರಿ ತೊಳೆದು ಬಳಸಿದ ಮೇಲೆ ಆ ಶಕ್ತಿ ಅರ್ಧಕ್ಕೆ ಇಳಿಯುತ್ತದೆ, ಗ್ಲುಕೋನಿಕ್ ಆಮ್ಲವಿರುವ ನಿಜವಾದ ಕಸದ ದ್ರಾವಣದಲ್ಲಿ ಅದನ್ನು ಪರೀಕ್ಷಿಸಿದ್ದಾರೆಯೇ, ಸವೆದ ಮಣಿಗಳನ್ನು ಅವರೇ ಮರಳಿ ಒಯ್ಯುತ್ತಾರೆಯೇ ಎಂದು ಕೇಳಬೇಕು. ಉತ್ತರ ಬರುವವರೆಗೆ ಬಿಚ್ಚಿದ ಅಯಸ್ಕಾಂತಗಳನ್ನು ಡಿಸ್ಕಿನವು ಬೇರೆ, ಸ್ಕೂಟರಿನವು ಬೇರೆ ಎಂದು ಎರಡು ಡಬ್ಬಿಗಳಲ್ಲಿ, ನಿಕಲ್ ಲೇಪನ ಕೀಳದಂತೆ, ಮಳೆಗಾಲದ ತೇವ ತಾಗದ ಬಿಗಿಮುಚ್ಚಳದೊಳಗೆ, ತೂಕ ಮತ್ತು ಮೂಲವನ್ನು ಬರೆದ ಚೀಟಿಯೊಂದಿಗೆ ಇಟ್ಟುಕೊಂಡಿರಬೇಕು. ಲೇಪನ ಉಳಿದ ಅಯಸ್ಕಾಂತ ವರ್ಷಗಟ್ಟಲೆ ಕೆಡುವುದಿಲ್ಲ, ಅದನ್ನು ಇಂದೇ ಕರಗಿಸಬೇಕೆಂಬ ಅವಸರವೂ ಇಲ್ಲ.